ನಗೆ ಮತ್ತು ಭಯ ಒಂದೇ ಚಿತ್ರದಲ್ಲಿ

ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ‘ಸಾಹಿತ್ಯದರ್ಪಣ’ದಲ್ಲಿ ವಿಶ್ವನಾಥನ ಮತ. ಆದರೆ ಅವನಿಗೆ ಎಷ್ಟೋ ಮೊದಲೇ ‘ಧ್ವನ್ಯಾಲೋಕ’ದ ಆನಂದವರ್ಧನನು ಇದಕ್ಕೊಂದು ಉಪಾಯವನ್ನು ಹೇಳಿದ್ದಾನೆ. ವಿರೋಧಿ ರಸಗಳಿಗೆ ಬೇರೆ ಬೇರೆ ಆಶ್ರಯ ಕೊಡಬೇಕು, ಇಲ್ಲವೆ ಅವುಗಳ ನಡುವೆ ಇನ್ನೊಂದು ರಸವನ್ನು ತಂದಿರಿಸಬೇಕು. ಜಾನ್ ಲ್ಯಾಂಡಿಸ್ ಬರೆದು ನಿರ್ದೇಶಿಸಿದ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಎಂಬ 1981ರ ಚಿತ್ರವನ್ನು ಈ ಸೂತ್ರ ಹಿಡಿದು ನೋಡಿದರೆ ಅದರ ಗುಣದೋಷಗಳೆರಡೂ ವಿಶದವಾಗುತ್ತವೆ.

ಹುಣ್ಣಿಮೆಯ ರಾತ್ರಿ ಮನುಷ್ಯನು ತೋಳವಾಗುವ ಕಥೆ ಯೂರೋಪಿನಲ್ಲಿ ಬಹಳ ಹಳೆಯದು. ಇಲ್ಲಿ ಡೇವಿಡ್, ಜ್ಯಾಕ್ ಎಂಬ ಇಬ್ಬರು ಅಮೆರಿಕನ್ ತರುಣರು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಿರ್ಜನ ಬಯಲಿನಲ್ಲಿ ದಾರಿ ತಪ್ಪುತ್ತಾರೆ. ಕತ್ತಲಲ್ಲಿ ಊಳು ಕೇಳುತ್ತದೆ; ಒಮ್ಮೆ ದೂರ, ಒಮ್ಮೆ ಹತ್ತಿರ. ಪ್ರಾಣಿ ಮಾತ್ರ ಕಾಣದು. ಬಾನುಲಿ ನಾಟಕ ಕೇಳಿ ಬಲ್ಲ ತಮಗೆ ಬರಿಯ ಸದ್ದಿನ ಈ ಶಕ್ತಿಯನ್ನು ನಾನು ವಿವರಿಸಬೇಕಿಲ್ಲ. ಜ್ಯಾಕ್ ಸಾಯುತ್ತಾನೆ. ಗೆಳೆಯನನ್ನು ಬಿಟ್ಟು ಓಡಿ, ಮತ್ತೆ ಹಿಂದಿರುಗಿದ ಡೇವಿಡ್ ಕಚ್ಚಿಸಿಕೊಂಡು ಬದುಕುತ್ತಾನೆ.

ಲಂಡನ್ನಿನ ಆಸ್ಪತ್ರೆಯಲ್ಲಿ ಮಲಗಿರುವ ಡೇವಿಡ್ಡನನ್ನು ನೋಡಲು ಸತ್ತ ಜ್ಯಾಕ್ ಬರುತ್ತಾನೆ. ಗಂಟಲು ಹರಿದು ನೇತಾಡುತ್ತಿದೆ, ಆದರೂ ಗೆಳೆಯನ ತಟ್ಟೆಯಿಂದ ರೊಟ್ಟಿಯ ಚೂರು ಕೇಳುತ್ತಾನೆ; ಹೆಣಗಳ ಸಂಗಡ ಮಾತು ಬಲು ಬೇಸರವೆಂದು ದೂರುತ್ತಾನೆ. ಅದೇ ದನಿಯಲ್ಲಿ, ತೋಳದ ವಂಶ ಮುಗಿಯುವವರೆಗೆ ತನಗೆ ಮುಕ್ತಿಯಿಲ್ಲ, ಆದ್ದರಿಂದ ನೀನು ಸಾಯಬೇಕು ಎನ್ನುತ್ತಾನೆ. ಹಾಸ್ಯಕ್ಕೆ ಆಶ್ರಯ ಸತ್ತವನು, ಭಯಕ್ಕೆ ಬದುಕಿದವನು! ಪ್ರತಿ ಭೇಟಿಗೂ ಜ್ಯಾಕನ ದೇಹ ಕೊಳೆಯುತ್ತ ಹೋಗುತ್ತದೆ, ವಿನೋದ ಮಾತ್ರ ಕೆಡುವುದಿಲ್ಲ. ಓಡಿಹೋದ ಗೆಳೆಯನ ಅಪರಾಧಪ್ರಜ್ಞೆಯೇ ಹೀಗೆ ಬಂದು ಹಾಸಿಗೆಯ ಬಳಿ ಕೂತಂತಿದೆ. ಚಿತ್ರದ ಜೀವಾಳ ಇದು.

ಜನ ಹೆಚ್ಚಾಗಿ ಹೊಗಳುವುದು ರೂಪಾಂತರದ ದೃಶ್ಯವನ್ನು. 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರದಲ್ಲಿ ಕಾಲುಗಳ ಮೇಲೆ ಹಂತಹಂತವಾಗಿ ಕೂದಲು ಅಂಟಿಸಿ, ಒಂದು ಚಿತ್ರವನ್ನು ಇನ್ನೊಂದರಲ್ಲಿ ಕರಗಿಸಿದ್ದರು. ಇಲ್ಲಿ ರಿಕ್ ಬೇಕರ್ ಕೃತಕ ಅಂಗಗಳನ್ನು ಮಾಡಿ, ದೀಪ ಉರಿಯುವ ಕೋಣೆಯಲ್ಲಿ ಕೈ ಉದ್ದವಾಗುವುದನ್ನೂ ಮೋರೆ ಚಾಚುವುದನ್ನೂ ಕಣ್ಣೆದುರೇ ತೋರಿಸಿದರು. ಪ್ರಸಾಧನ ಕಲೆಗೆ ಆಸ್ಕರ್ ಸಮಿತಿ ಸ್ಪರ್ಧೆಯ ಬಹುಮಾನವನ್ನು ಮೊದಲಿಗೆ, 1982ರಲ್ಲಿ, ಕೊಟ್ಟದ್ದು ಇವರಿಗೇ. ಎಲುಬು ಮುರಿಯುವ ನೋವಿನ ಹಿನ್ನೆಲೆಗೆ ಸ್ಯಾಮ್ ಕುಕ್ಕರ ಮೆಲುದನಿಯ ಚಂದ್ರಗೀತೆ! ಅಲ್ಲಿ ಅದು ನಗಿಸುವುದಿಲ್ಲ, ಕನಿಕರ ಹುಟ್ಟಿಸುತ್ತದೆ.

ಇದಕ್ಕಿಂತ ನನಗೆ ಮೇಲೆನಿಸಿದ್ದು ಒಂದು ಸಣ್ಣ ಸನ್ನಿವೇಶ. ರಾತ್ರಿ ತಾನು ಕೊಂದವರ ಸುದ್ದಿ ತಿಳಿದು ಡೇವಿಡ್ ತನ್ನನ್ನು ಸೆರೆಹಿಡಿಯಿರೆಂದು ಪೊಲೀಸಿನವನ ಮುಂದೆ ರಾಣಿಯನ್ನೇ ಬೈಯುತ್ತಾನೆ, ಅವನು ಹಿಡಿಯಲೊಲ್ಲ. ನಗುತ್ತೇವೆ. ಬಳಿಕ ದೂರವಾಣಿಯಲ್ಲಿ ಊರಿನ ಪುಟ್ಟ ತಂಗಿಯೊಡನೆ ಮಾತಾಡಿ, ಅಪ್ಪ ಅಮ್ಮನನ್ನು ಪ್ರೀತಿಸುತ್ತೇನೆಂದು ಹೇಳೆನ್ನುತ್ತಾನೆ. ಚಾಕು ಕೈಯಲ್ಲಿದೆ, ಕೊಯ್ದುಕೊಳ್ಳುವ ಧೈರ್ಯವಿಲ್ಲ.

ಇಷ್ಟು ಬಲ್ಲ ನಿರ್ದೇಶಕರು ಕೊನೆಯಲ್ಲಿ ಅವಸರಪಟ್ಟಿದ್ದಾರೆ. ದಾದಿ ಅಲೆಕ್ಸಳ ಪ್ರೇಮ ಬೆಳೆಯಲು ಕಾಲವೇ ಸಿಗದು. ವೈದ್ಯರು ಹಳ್ಳಿಗೆ ಹೋಗಿ ವಿಚಾರಿಸಿ ಬಂದದ್ದರಿಂದ ಕಥೆಗೆ ಆದ ಪ್ರಯೋಜನ ಅತ್ಯಲ್ಪ. ಪಿಕಡಿಲಿ ವೃತ್ತದಲ್ಲಿ ವಾಹನಗಳು ಒಂದಕ್ಕೊಂದು ಗುದ್ದಿ ಜನ ಸಾಯುವಾಗ ತೋಳವೂ ಮರೆತುಹೋಗುತ್ತದೆ. ರಕ್ತವೂ ನಗ್ನತೆಯೂ ಬೇಕಾದಷ್ಟಿವೆ. ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ.

ಗುಂಡು ತಗುಲಿದ ತೋಳ ಓಣಿಯಲ್ಲಿ ಮತ್ತೆ ಡೇವಿಡ್ಡಾಗಿ ಬಿದ್ದಿರುತ್ತದೆ, ಅಲೆಕ್ಸ್ ಅಳುತ್ತಾಳೆ. ಮರುಕ್ಷಣವೇ ಕುಣಿದಾಡುವ ಹಾಡು, ಹೆಸರುಗಳ ಪಟ್ಟಿ. ಆಸ್ಪತ್ರೆಯ ದೃಶ್ಯದಲ್ಲಿದ್ದ ಬೇರೆ ಆಶ್ರಯ ಇಲ್ಲಿಲ್ಲ, ನಡುವೆ ಮೂರನೆಯ ರಸವೂ ಇಲ್ಲ. ಆ ಕುಣಿತದ ಮುನ್ನ ಅರೆನಿಮಿಷ ಮೌನವಿದ್ದಿದ್ದರೆ ಅವಳ ಅಳು ನಮ್ಮದೂ ಆಗುತ್ತಿತ್ತು.