ದೈತ್ಯ ಯಂತ್ರಗಳು: ಎತ್ತುವುದಕ್ಕಿಂತ ನಿಲ್ಲಿಸುವುದೇ ಕಷ್ಟ

ಜಾತ್ರೆಯಲ್ಲಿ ದೊಡ್ಡ ತೇರು ಎಳೆಯುವುದನ್ನು ನೀವು ನೋಡಿರಬಹುದು. ಹಗ್ಗ ಹಿಡಿದು ಎಳೆಯುವವರು ನೂರಾರು ಜನ. ಎಲ್ಲರ ಕಣ್ಣೂ ಅವರ ಮೇಲೆಯೇ. ಆದರೆ ಗಾಲಿಗೆ ಅಂಟಿಕೊಂಡಂತೆ ನಡೆಯುವ ಕೆಲವರಿರುತ್ತಾರೆ. ಅವರ ಕೈಯಲ್ಲಿ ಮರದ ದಪ್ಪ ತುಂಡುಗಳು. ತೇರು ದಾರಿ ತಪ್ಪಿ ವಾಲಿದಾಗ, ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಆ ತುಂಡುಗಳನ್ನು ಗಾಲಿಯ ಕೆಳಗೆ ಕೊಟ್ಟು ನಿಲ್ಲಿಸುವವರು ಅವರು. ಎಳೆಯುವವರಲ್ಲಿ ಹತ್ತು ಜನ ಕಡಿಮೆಯಾದರೆ ತೇರು ನಿಧಾನವಾಗುತ್ತದೆ, ಅಷ್ಟೇ. ಇವರ ಕೈ ತಪ್ಪಿದರೆ ಅನಾಹುತವೇ ಆದೀತು.

ದೈತ್ಯ ಕ್ರೇನುಗಳು ಮತ್ತು ಗಣಿಗಳಲ್ಲಿ ಅದಿರು ಸಾಗಿಸುವ ಭಾರೀ ಟ್ರಕ್ಕುಗಳ ಬಗ್ಗೆ ಓದುವಾಗಲೆಲ್ಲ ನನಗೆ ಈ ತೇರು ನೆನಪಾಗುತ್ತದೆ. ಪತ್ರಿಕೆಗಳು ಅವುಗಳ ಎಂಜಿನ್ನಿನ ಅಶ್ವಶಕ್ತಿಯನ್ನು ಬಣ್ಣಿಸುತ್ತವೆ. ಆದರೆ ಅವುಗಳನ್ನು ರೂಪಿಸುವ ಎಂಜಿನಿಯರುಗಳ ನಿದ್ದೆ ಕೆಡಿಸುವ ಪ್ರಶ್ನೆ ಬೇರೆಯೇ.

ಬಿ.ಎಸ್‌ಸಿ. ತರಗತಿಯಲ್ಲಿ ನಾನು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಇದೆ. 400 ಟನ್ ಭಾರವನ್ನು ಮೇಲೆತ್ತಲು ಎಷ್ಟು ಸಾಮರ್ಥ್ಯದ ಎಂಜಿನ್ ಬೇಕು? ಒಬ್ಬರು ರೈಲಿನ ಎಂಜಿನ್ ಎನ್ನುತ್ತಾರೆ, ಮತ್ತೊಬ್ಬರು ಹಡಗಿನದು ಎನ್ನುತ್ತಾರೆ. "ಎಷ್ಟು ಹೊತ್ತಿನಲ್ಲಿ ಎತ್ತಬೇಕು ಸಾರ್?" ಎಂದು ತಿರುಗಿ ಕೇಳುವ ವಿದ್ಯಾರ್ಥಿ ಅಪರೂಪ. ಅವನೇ ಭೌತವಿಜ್ಞಾನ ಕಲಿತವನು! ನಿಮಿಷಕ್ಕೆ ಒಂದು ಮೀಟರಿನಂತೆ ಎತ್ತಿದರೆ ಸಾಕು ಎನ್ನೋಣ. 4,00,000 ಕಿಲೋಗ್ರಾಂ ರಾಶಿಯನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿ, 60 ಸೆಕೆಂಡುಗಳಿಂದ ಭಾಗಿಸಿ. ಬರುವ ಉತ್ತರ ಸುಮಾರು 65 ಕಿಲೋವ್ಯಾಟ್. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ ಒಂದು ಸಾಧಾರಣ ಕಾರಿನ ಎಂಜಿನ್ನಿಗೆ ಇದು ಅಸಾಧ್ಯವೇನಲ್ಲ.

ಹಾಗಾದರೆ ಅಷ್ಟು ದೊಡ್ಡ ಬಲ ಎಲ್ಲಿಂದ ಬಂತು? ರಾಟೆಗಳಿಂದ. ಭಾರವನ್ನು ಒಂದೇ ಹಗ್ಗದಲ್ಲಿ ತೂಗುಹಾಕದೆ, ಮೇಲೆ ಕೆಳಗೆ ರಾಟೆಗಳ ಗುಂಪನ್ನಿಟ್ಟು ಉಕ್ಕಿನ ಹಗ್ಗವನ್ನು ನಲವತ್ತು ಎಳೆಗಳಾಗಿ ಸುತ್ತಿದರೆ, ಪ್ರತಿ ಎಳೆಯ ಪಾಲಿಗೆ ಬರುವುದು 10 ಟನ್ ಮಾತ್ರ. ಬದಲಿಗೆ ಭಾರವನ್ನು ಒಂದು ಮೀಟರ್ ಎತ್ತಲು ನಲವತ್ತು ಮೀಟರ್ ಹಗ್ಗವನ್ನು ಸುತ್ತಬೇಕು. ಶಕ್ತಿಯಲ್ಲಿ ಲಾಭವಿಲ್ಲ, ಬಲದಲ್ಲಿ ಲಾಭ. ಆರ್ಕಿಮಿಡೀಸನಿಗೆ ತಿಳಿದಿದ್ದ ವಿಷಯವೇ ಇದು. ಎತ್ತುವ ಕೆಲಸ ಇಲ್ಲಿಗೆ ಮುಗಿಯಿತು.

ಮುಗಿಯದಿರುವುದು ಎತ್ತಿದ ಭಾರವನ್ನು ಹೊತ್ತು ನಿಲ್ಲುವ ಕೆಲಸ. ಕ್ರೇನು ಒಂದು ಸನ್ನೆ. ಅದರ ಬುಡದ ಅಂಚೇ ಆನಿಕೆ. ಬೂಮ್ ಎಂದು ಕರೆಯುವ ಉದ್ದನೆಯ ಚಾಚುತೋಳಿನ ತುದಿಯಲ್ಲಿ ಭಾರ ತೂಗುತ್ತಿರುತ್ತದೆ. ಭಾರವನ್ನು ಆನಿಕೆಯಿಂದ ಅದಕ್ಕಿರುವ ಅಡ್ಡ ದೂರದಿಂದ ಗುಣಿಸಿದರೆ ದೊರೆಯುವುದು ಭ್ರಾಮಕ, ಅಂದರೆ ಕ್ರೇನನ್ನು ಮಗುಚಲು ಯತ್ನಿಸುವ ಪರಿಣಾಮ. 10 ಮೀಟರ್ ದೂರದಲ್ಲಿ 100 ಟನ್ ಎತ್ತಬಲ್ಲ ಕ್ರೇನು 50 ಮೀಟರ್ ದೂರದಲ್ಲಿ 20 ಟನ್ ಎತ್ತಿದರೂ ಭ್ರಾಮಕ ಅಷ್ಟೇ. ತೋಳಿನ ಸ್ವಂತ ತೂಕವೂ ಸೇರುವುದರಿಂದ ನಿಜವಾಗಿ ಎತ್ತಬಹುದಾದದ್ದು ಇನ್ನೂ ಕಡಿಮೆ. ಆದ್ದರಿಂದಲೇ ಕ್ರೇನಿನ ಹಿರಿಮೆಯನ್ನು ಟನ್ನುಗಳಲ್ಲಿ ಹೇಳಿದರೆ ಅರ್ಧ ಹೇಳಿದಂತೆ. ಟನ್-ಮೀಟರುಗಳಲ್ಲಿ ಹೇಳಬೇಕು. ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ ಪರಮಾಣು ಸ್ಥಾವರದ ನಿರ್ಮಾಣಕ್ಕೆಂದು 2019ರಲ್ಲಿ ತಂದು ನಿಲ್ಲಿಸಿದ 'ಬಿಗ್ ಕಾರ್ಲ್' ಎಂಬ ಕ್ರೇನಿನ ಭ್ರಾಮಕ ಸಾಮರ್ಥ್ಯ 2,50,000 ಟನ್-ಮೀಟರ್. 2023ರ ಡಿಸೆಂಬರಿನಲ್ಲಿ ಅದು 245 ಟನ್ನಿನ ಉಕ್ಕಿನ ಗುಮ್ಮಟವನ್ನು ರಿಯಾಕ್ಟರ್ ಕಟ್ಟಡದ ಮೇಲೆ ಕೂರಿಸಿತು.

ಮಗುಚುವುದನ್ನು ತಡೆಯಲು ಹಿಂಭಾಗದಲ್ಲಿ ಪ್ರತಿಭಾರ ಬೇಕು. ಬಿಗ್ ಕಾರ್ಲ್‌ನ ಹಿಂದೆ ತಲಾ 100 ಟನ್ನಿನ 52 ಪೆಟ್ಟಿಗೆಗಳಿವೆ. ಹಾಗೆಂದು ಪ್ರತಿಭಾರವನ್ನು ಬೇಕಾದಷ್ಟು ಹೇರುವಂತಿಲ್ಲ. ಕೊಕ್ಕೆಯಲ್ಲಿ ಭಾರವಿಲ್ಲದಾಗ ಕ್ರೇನು ಹಿಂದಕ್ಕೆ ಮಗುಚಬಾರದಲ್ಲವೇ! ಅದಕ್ಕಾಗಿ ದೊಡ್ಡ ಕ್ರೇನುಗಳಲ್ಲಿ ಪ್ರತಿಭಾರದ ಒಂದು ಪಾಲನ್ನು ನೆಲದ ಮೇಲೋ ಗಾಲಿಬಂಡಿಯ ಮೇಲೋ ಇಟ್ಟಿರುತ್ತಾರೆ. ಮುಂದೆ ಭಾರ ಬಿದ್ದಾಗ ಮಾತ್ರ ಅದರ ತೂಕ ಕ್ರೇನಿನ ಪಾಲಾಗುತ್ತದೆ.

ನೆಲದ ವಿಷಯವನ್ನೂ ಮರೆಯುವಂತಿಲ್ಲ. ಕ್ರೇನಿನ ಒಂದು ಬದಿಯ ಮಣ್ಣು ಕುಸಿದು ಅದು ಕೇವಲ ಒಂದು ಡಿಗ್ರಿ ವಾಲಿತೆನ್ನಿ. 100 ಮೀಟರ್ ಎತ್ತರದ ತೋಳಿನ ತುದಿ 1.75 ಮೀಟರ್ ಪಕ್ಕಕ್ಕೆ ಸರಿಯುತ್ತದೆ. 400 ಟನ್ ಭಾರ ತೂಗುತ್ತಿದ್ದರೆ 700 ಟನ್-ಮೀಟರಿನ ಹೊಸ ಭ್ರಾಮಕ, ಅದೂ ಪಕ್ಕದ ದಿಕ್ಕಿನಲ್ಲಿ. ತೋಳನ್ನು ವಿನ್ಯಾಸ ಮಾಡುವುದು ಮುಖ್ಯವಾಗಿ ಹಿಂದೆ-ಮುಂದಿನ ಬಲಗಳನ್ನು ತಾಳುವಂತೆ. ಪಕ್ಕಕ್ಕೆ ಅದು ಬಲು ಬಡಕಲು.

ಈ ಬಡಕಲುತನದ ಬೆಲೆ ಏನೆಂಬುದು 1999ರ ಜುಲೈ 14ರಂದು ಅಮೆರಿಕದ ಮಿಲ್ವಾಕೀ ನಗರದಲ್ಲಿ ಗೊತ್ತಾಯಿತು. ಆಗ ಮಿಲ್ಲರ್ ಪಾರ್ಕ್ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಸರಿದು ತೆರೆಯುವ ಚಾವಣಿ ಇಡಬೇಕಿತ್ತು. 400 ಟನ್ನಿಗೂ ಮಿಕ್ಕ ಚಾವಣಿಯ ತುಂಡನ್ನು 'ಬಿಗ್ ಬ್ಲೂ' ಎಂಬ ಕ್ರೇನು ಎತ್ತಿ ಹಿಡಿದಿತ್ತು. ಅಂದು ಗಾಳಿ ಜೋರಾಗಿತ್ತು. ಬಿರುಸು ಬಂದಾಗ ಗಂಟೆಗೆ 40 ಕಿಲೋಮೀಟರ್ ದಾಟುತ್ತಿತ್ತು. ಕ್ರೇನು ಮುರಿದು ಬಿತ್ತು. ಪಕ್ಕದಲ್ಲಿ ಮತ್ತೊಂದು ಕ್ರೇನಿಗೆ ಕಟ್ಟಿದ ಬುಟ್ಟಿಯಲ್ಲಿ ನಿಂತಿದ್ದ ಮೂವರು ಉಕ್ಕಿನ ಕೆಲಸಗಾರರು ಸತ್ತರು. ಮುಂದೆ ಹೊರಬಿದ್ದ ಸಂಗತಿ ಇದು: ಗಾಳಿ ಕ್ರೇನಿನ ಮೇಲೆ ಹಾಕುವ ಒತ್ತನ್ನು ಲೆಕ್ಕ ಹಾಕಿದ್ದರು. ಎತ್ತಿ ಹಿಡಿದ ಚಾವಣಿಯ ಮೇಲೆ ಹಾಕುವ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾವೇ ಒಂದು ಅಂದಾಜು ಮಾಡೋಣ. ಗಾಳಿಯ ಒತ್ತಡವೆಂದರೆ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಒತ್ತಡ ಚದರ ಮೀಟರಿಗೆ ಸುಮಾರು 73 ನ್ಯೂಟನ್. ಗಾಳಿಗೆ ಎದುರಾದ ವಿಸ್ತೀರ್ಣ 1000 ಚದರ ಮೀಟರ್ ಎಂದಿಟ್ಟುಕೊಂಡರೆ ಬಲ ಏಳೂವರೆ ಟನ್ ತೂಕದಷ್ಟು. 400 ಟನ್ನಿನ ಮುಂದೆ ಏಳೂವರೆ ಟನ್ ಯಾವ ಲೆಕ್ಕ ಎನಿಸುತ್ತದೆ. ಆದರೆ ಭಾರದ ಬಲ ಕೆಳಮುಖ, ಗಾಳಿಯದು ಅಡ್ಡ. ಅದು ವರ್ತಿಸುವುದು ನೂರು ಮೀಟರ್ ಎತ್ತರದ ತೋಳಿನ ತುದಿಯಲ್ಲಿ. ಅಲ್ಲಿಗೆ ಭ್ರಾಮಕ 750 ಟನ್-ಮೀಟರ್. ನೆಲ ಒಂದು ಡಿಗ್ರಿ ವಾಲಿದ್ದಕ್ಕಿಂತಲೂ ಹೆಚ್ಚು! ಇನ್ನು ವೇಗದ ವರ್ಗ ಎಂಬ ಮಾತನ್ನು ಗಮನಿಸಿ. ಗಾಳಿ ಇಮ್ಮಡಿಯಾದರೆ ಬಲ ನಾಲ್ಮಡಿ. 'ಬೆಳಿಗ್ಗೆಗಿಂತ ಸ್ವಲ್ಪ ಜಾಸ್ತಿ ಇದೆ, ನಡೆಯುತ್ತೆ' ಎನ್ನುವವರಿಗೆ ಈ ವರ್ಗ ಕಾಣುವುದಿಲ್ಲ. ಗಾಳಿಯ ವೇಗ ನಿಗದಿತ ಮಿತಿ ದಾಟಿದರೆ ಕೆಲಸ ನಿಲ್ಲಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ವಿದ್ಯಾರ್ಥಿಗಳಿಗೆ ಭ್ರಾಮಕದ ಪಾಠ ಮಾಡುವಾಗ ಸೀಸಾ ಆಟದ ಉದಾಹರಣೆಯೊಂದಿಗೆ ಇದನ್ನೂ ಹೇಳಿ.

ಈಗ ಗಣಿ ಟ್ರಕ್ಕಿಗೆ ಬರೋಣ. ಕ್ರೇನಿಗೆ ನಿಂತಿರುವುದು ಕಷ್ಟವಾದರೆ, ಟ್ರಕ್ಕಿಗೆ ಚಲನೆಯನ್ನು ನಿಲ್ಲಿಸುವುದು ಕಷ್ಟ.

ಬೆಲಾರೂಸ್ ದೇಶದ ಬೆಲಾಝ್ ಕಾರ್ಖಾನೆ 2013ರಲ್ಲಿ ಹೊರತಂದ 75710 ಮಾದರಿಯ ಟ್ರಕ್ಕು 450 ಟನ್ ಅದಿರು ಹೊರುತ್ತದೆ. ಅದರ ಸ್ವಂತ ತೂಕ 360 ಟನ್. ಎರಡೂ ಸೇರಿ 810 ಟನ್. ತಲಾ 1715 ಕಿಲೋವ್ಯಾಟಿನ ಎರಡು ಡೀಸೆಲ್ ಎಂಜಿನ್ನುಗಳಿವೆ. ಅವು ನೇರವಾಗಿ ಗಾಲಿ ತಿರುಗಿಸುವುದಿಲ್ಲ, ವಿದ್ಯುಜ್ಜನಕಗಳನ್ನು ತಿರುಗಿಸುತ್ತವೆ. ಆ ವಿದ್ಯುತ್ತು ಗಾಲಿಗಳನ್ನು ತಿರುಗಿಸುವ ಮೋಟಾರುಗಳಿಗೆ ಹೋಗುತ್ತದೆ. ನಮ್ಮ ಡೀಸೆಲ್ ರೈಲು ಎಂಜಿನ್ನಿನ ವ್ಯವಸ್ಥೆಯೂ ಇದೇ. ನಮ್ಮ ಮೈಸೂರಿನಲ್ಲಿ ಬಿಇಎಂಎಲ್ ಕಾರ್ಖಾನೆಯ ಬಿಎಚ್205-ಇ ಎಂಬ 205 ಟನ್ ದರ್ಜೆಯ ಡಂಪರ್ ಕೂಡ ವಿದ್ಯುತ್ ಚಾಲನೆಯದೇ.

ಹತ್ತಕ್ಕೆ ಒಂದರ ಏರಿನಲ್ಲಿ ಈ 810 ಟನ್ ಹತ್ತಬೇಕಾದರೆ ನೆಲದ ಘರ್ಷಣೆಯೂ ಸೇರಿ ಬೇಕಾದ ಬಲ ಸುಮಾರು 950 ಕಿಲೋನ್ಯೂಟನ್. ಎರಡೂ ಎಂಜಿನ್ನುಗಳ ಪೂರ್ಣ ಸಾಮರ್ಥ್ಯ ಬಳಸಿದರೂ ಸಿಗುವ ವೇಗ ಗಂಟೆಗೆ 13 ಕಿಲೋಮೀಟರ್. ಸೈಕಲ್ಲಿನವನು ಹಿಂದೆ ಹಾಕಿಬಿಡುತ್ತಾನೆ. ಎಂಜಿನ್ ಇನ್ನಷ್ಟು ಚಿಕ್ಕದಾಗಿದ್ದರೆ ಟ್ರಕ್ಕು ಇನ್ನಷ್ಟು ನಿಧಾನವಾಗುತ್ತಿತ್ತು, ಬೇರೇನೂ ಇಲ್ಲ.

ಅದೇ ಟ್ರಕ್ಕು ಭಾರ ಹೊತ್ತು ಇಳಿಯಲಿ. ಅದಿರು ಬೆಟ್ಟದ ನೆತ್ತಿಯಲ್ಲಿರುವ ಗಣಿಗಳಲ್ಲಿ ಹೀಗೆ ಇಳಿಯಲೇಬೇಕು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಇಳಿದರೆ ಟ್ರಕ್ಕಿನ ಎತ್ತರ ಪ್ರತಿ ಸೆಕೆಂಡಿಗೆ ಅರ್ಧ ಮೀಟರ್ ಕಡಿಮೆಯಾಗುತ್ತದೆ. ಕಳೆದುಕೊಳ್ಳುವ ಸ್ಥಿತಿಶಕ್ತಿ ಸೆಕೆಂಡಿಗೆ ಸುಮಾರು 4000 ಕಿಲೋಜೂಲ್. ಐದರಲ್ಲಿ ಒಂದು ಪಾಲನ್ನು ನೆಲದ ಘರ್ಷಣೆ ತಿನ್ನುತ್ತದೆ. ಉಳಿದ 3200 ಕಿಲೋವ್ಯಾಟನ್ನು ಬ್ರೇಕು ನುಂಗಬೇಕು. ಇದು 1600 ಮನೆಗಳ ಗೀಸರುಗಳನ್ನು ಒಟ್ಟಿಗೆ ಉರಿಸಿದಷ್ಟು ಶಾಖ! ಬ್ರೇಕಿನ ಉಕ್ಕು ಎರಡು ಟನ್ ಇದೆ ಎಂದುಕೊಂಡರೂ, ತಂಪು ಮಾಡುವ ಏರ್ಪಾಡಿಲ್ಲದಿದ್ದರೆ ಅದರ ತಾಪ ಪ್ರತಿ ಸೆಕೆಂಡಿಗೆ ಮೂರು ಡಿಗ್ರಿಯಂತೆ ಏರುತ್ತದೆ. ಎರಡೇ ನಿಮಿಷಗಳಲ್ಲಿ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ 810 ಟನ್ನಿಗೆ ಯಜಮಾನರು ಯಾರೂ ಇಲ್ಲ.

ಆಗುಂಬೆ ಘಾಟಿ ಇಳಿಯುವ ಬಸ್ಸಿನ ಚಾಲಕ ಬ್ರೇಕನ್ನೇ ನಂಬುವುದಿಲ್ಲ; ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನೇ ಬಸ್ಸನ್ನು ಹಿಡಿದಿಡುವಂತೆ ಮಾಡುತ್ತಾನೆ. ವಿದ್ಯುತ್ ಚಾಲಿತ ಟ್ರಕ್ಕಿನಲ್ಲಿ ಆ ಕೆಲಸವನ್ನು ಮೋಟಾರುಗಳು ಮಾಡುತ್ತವೆ. ಇಳಿಯುವಾಗ ಗಾಲಿಗಳೇ ಮೋಟಾರನ್ನು ತಿರುಗಿಸಿ ಅದನ್ನು ವಿದ್ಯುಜ್ಜನಕವನ್ನಾಗಿ ಮಾಡುತ್ತವೆ. ಲೆಂಜ್ ನಿಯಮದಂತೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ತಿರುಗುವಿಕೆಯನ್ನೇ ವಿರೋಧಿಸುತ್ತದೆ. ಆ ವಿದ್ಯುತ್ತನ್ನು ರೋಧಕಗಳ ದೊಡ್ಡ ಪೆಟ್ಟಿಗೆಯಲ್ಲಿ ಹರಿಸಿ, ಪಂಖದಿಂದ ಗಾಳಿ ಊದಿ, ಶಾಖವನ್ನು ಆಕಾಶಕ್ಕೆ ಬಿಡುತ್ತಾರೆ. ಇಲ್ಲಿ ಸವೆಯುವ ಭಾಗವೇ ಇಲ್ಲ. ಒಂದು ತೊಡಕಿದೆ. ವೇಗ ಇಳಿದಂತೆ ಪ್ರೇರಿತ ವಿದ್ಯುಚ್ಚಾಲಕ ಬಲವೂ ಇಳಿಯುತ್ತದೆ. ನಿಂತ ಗಾಲಿಯಲ್ಲಿ ಅದು ಸೊನ್ನೆ. ಆದ್ದರಿಂದ ಕೊನೆಗೆ ಪೂರ್ತಿ ನಿಲ್ಲಿಸಲು, ನಿಂತಲ್ಲೇ ಹಿಡಿದಿಡಲು ಘರ್ಷಣೆಯ ಬ್ರೇಕು ಇರಲೇಬೇಕು.

ಶಾಖದ ಕಾಟ ಟೈರಿಗೂ ಇದೆ. ಎಂಟು ಟೈರುಗಳ ಈ ಟ್ರಕ್ಕಿನಲ್ಲಿ ಒಂದೊಂದರ ಮೇಲೆ ಬೀಳುವುದು ನೂರು ಟನ್. ನಾಲ್ಕು ಮೀಟರ್ ಎತ್ತರದ ಆ ಟೈರಿನೊಳಗಿನ ಗಾಳಿಯ ಒತ್ತಡವಾದರೂ ಲಾರಿಯ ಟೈರಿನದಕ್ಕಿಂತ ಹೆಚ್ಚಲ್ಲ, ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋಗ್ರಾಂ. ಹಾಗಾಗಿ ನೆಲ ಮುಟ್ಟುವ ವಿಸ್ತೀರ್ಣ ಒಂದೂವರೆ ಚದರ ಮೀಟರಿನ ಹತ್ತಿರ ಇರಬೇಕಾಗುತ್ತದೆ. ಉರುಳುವಾಗ ರಬ್ಬರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಮತ್ತೆ ಹಿಗ್ಗುತ್ತದೆ, ಆ ಬಗ್ಗಾಟದಲ್ಲಿ ಒಳಗೊಳಗೇ ಬಿಸಿಯಾಗುತ್ತದೆ. 1638ರಲ್ಲಿ ಗೆಲಿಲಿಯೋ ತೋರಿಸಿಕೊಟ್ಟ ಮಾತು ಇಲ್ಲಿ ಅನ್ವಯಿಸುತ್ತದೆ: ಗಾತ್ರ ಹಿಗ್ಗಿಸಿದಾಗ ಘನಫಲ ಉದ್ದದ ಘನದಂತೆ ಬೆಳೆದರೆ ಮೇಲ್ಮೈ ವರ್ಗದಂತೆ ಮಾತ್ರ ಬೆಳೆಯುತ್ತದೆ. ಶಾಖ ಹುಟ್ಟುವುದು ಘನಫಲದಲ್ಲಿ, ಹೊರಹೋಗುವುದು ಮೇಲ್ಮೈಯಿಂದ. ಅದಕ್ಕೇ ಗಣಿ ಟೈರುಗಳಿಗೆ ಭಾರವನ್ನು ಸರಾಸರಿ ವೇಗದಿಂದ ಗುಣಿಸಿದ ಒಂದು ಮಿತಿ ಕೊಟ್ಟಿರುತ್ತಾರೆ. ಅದನ್ನು ಮೀರಿ ಓಡಿಸಿದರೆ ಹೊರಗೆ ಗಟ್ಟಿಯಾಗಿ ಕಾಣುವ ಟೈರಿನ ಪದರಗಳು ಒಳಗೇ ಬಿಟ್ಟುಕೊಳ್ಳುತ್ತವೆ. ಟ್ರಕ್ಕುಗಳ ಗಾತ್ರಕ್ಕೆ ಕಡಿವಾಣ ಹಾಕಿದ್ದು ಎಂಜಿನ್ನಲ್ಲ, ಟೈರು. 320 ಟನ್ ಹೊರುವ ಟೈಟನ್ ಎಂಬ ಟ್ರಕ್ಕನ್ನು 1974ರಲ್ಲೇ ಕಟ್ಟಿದ್ದರು. ಅದಕ್ಕೆ ಹತ್ತು ಟೈರು ಬೇಕಾಯಿತು. ಕಟ್ಟಿದ್ದು ಒಂದೇ ಒಂದು. ಈಗ ಅದು ಕೆನಡಾದ ಸ್ಪಾರ್‌ವುಡ್ ಎಂಬ ಊರಿನಲ್ಲಿ ಪ್ರದರ್ಶನಕ್ಕಿದೆ.

ಇಳಿಯುವಾಗ ಆಕಾಶಕ್ಕೆ ಬಿಡುವ ಶಾಖವನ್ನು ಕೂಡಿಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಬಳಿಯ ಸಿಮೆಂಟ್ ಕಾರ್ಖಾನೆಯೊಂದರ ಸುಣ್ಣಕಲ್ಲು ಗಣಿಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿ ಡೀಸೆಲ್ ಎಂಜಿನ್ ತೆಗೆದು 600 ಯೂನಿಟ್ಟಿನ ಬ್ಯಾಟರಿ ಕೂರಿಸಿದ 'ಇ-ಡಂಪರ್' ಇದೆ. ಸ್ವಂತ ತೂಕ 45 ಟನ್, ಹೊರುವುದು 65 ಟನ್. ಖಾಲಿಯಾಗಿ ಹತ್ತುತ್ತದೆ, ತುಂಬಿಕೊಂಡು ಇಳಿಯುತ್ತದೆ. 100 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿ: ಹತ್ತಲು ಬೇಕಾದ್ದು 12 ಯೂನಿಟ್, ಇಳಿಯುವಾಗ ದೊರೆಯಬಹುದಾದದ್ದು 30 ಯೂನಿಟ್. ಘರ್ಷಣೆ, ಮೋಟಾರು, ಬ್ಯಾಟರಿಗಳ ನಷ್ಟವನ್ನೆಲ್ಲ ಕಳೆದರೂ ಕೊಂಚ ಉಳಿಯುವುದು ಸಾಧ್ಯ. ಇದು ಪುಕ್ಕಟೆ ಶಕ್ತಿಯೇ ಎಂದು ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ. ಅಲ್ಲ. ಪ್ರತಿ ಸುತ್ತಿನಲ್ಲೂ ಬೆಟ್ಟದ ಮೇಲಿದ್ದ 65 ಟನ್ ಕಲ್ಲು ಕೆಳಗೆ ಬಂದಿರುತ್ತದೆ. ಅದರ ಸ್ಥಿತಿಶಕ್ತಿಯೇ ಬ್ಯಾಟರಿ ಸೇರಿದ್ದು.

ಆದರೆ ಜಗತ್ತಿನ ದೊಡ್ಡ ತೆರೆದ ಗಣಿಗಳಲ್ಲಿ ಬಹುಪಾಲು ಆಳವಾದ ಗುಂಡಿಗಳು. ಅಲ್ಲಿ ತುಂಬಿಕೊಂಡು ಹತ್ತಬೇಕು, ಖಾಲಿಯಾಗಿ ಇಳಿಯಬೇಕು, ಲೆಕ್ಕ ತಲೆಕೆಳಗು. ಸ್ವೀಡನ್ನಿನ ಐಟಿಕ್ ತಾಮ್ರದ ಗಣಿಯಂಥ ಕಡೆ ಏರುದಾರಿಯ ಉದ್ದಕ್ಕೂ ರೈಲಿನಂತೆ ಮೇಲೆ ವಿದ್ಯುತ್ ತಂತಿ ಎಳೆದಿದ್ದಾರೆ. ಟ್ರಕ್ಕು ಹತ್ತುವಾಗ ತಂತಿಯಿಂದ ವಿದ್ಯುತ್ತು ಪಡೆಯುತ್ತದೆ, ತಂತಿ ಮುಗಿದ ಕಡೆ ಮತ್ತೆ ಡೀಸೆಲ್ಲಿಗೆ ಮರಳುತ್ತದೆ.