ಕಪ್‌ಕೇಕ್‌ನ ಬಣ್ಣ ಗೆರೆಗೆರೆಯಾಗುವುದೇಕೆ?

ಮನೆಯಲ್ಲಿ ಮಾಡಿದ ಕೆಂಪು ಕಪ್‌ಕೇಕ್ ಒಂದನ್ನು ಚಾಕುವಿನಿಂದ ನಡುವೆ ಸೀಳಿ ಬೆಳಕಿಗೆ ಹಿಡಿಯಿರಿ. ಒಂದು ಕಡೆ ತಿಳಿ ಗುಲಾಬಿ, ಪಕ್ಕದಲ್ಲೇ ಕಡುಗೆಂಪಿನ ಸುರುಳಿ ಗೆರೆ, ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು. ಹೀಗಾದಾಗ ಹೆಚ್ಚಿನವರು ಮುಂದಿನ ಸಲ ಇನ್ನಷ್ಟು ಬಣ್ಣ ಸುರಿಯುತ್ತಾರೆ, ಇಲ್ಲವೇ ಹಿಟ್ಟನ್ನು ಇನ್ನಷ್ಟು ಹೊತ್ತು ಕಲಕುತ್ತಾರೆ. ಮೊದಲನೆಯದು ಆರೋಗ್ಯಕ್ಕೆ ಒಳ್ಳೆಯದಲ್ಲ, ಎರಡನೆಯದು ಕೇಕಿಗೆ ಒಳ್ಳೆಯದಲ್ಲ. ಬಣ್ಣವನ್ನು ಯಾವ ಹಂತದಲ್ಲಿ, ಯಾವುದರಲ್ಲಿ ಕರಗಿಸಿ ಹಾಕುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಲೋಟದ ನೀರಿಗೆ ಒಂದು ಹನಿ ಬಣ್ಣ ಬಿಟ್ಟರೆ ಅದು ತಾನಾಗಿ ಹರಡುತ್ತದೆ. ಇದನ್ನು ವಿಸರಣೆ ಎಂದು ಶಾಲೆಯಲ್ಲಿ ಓದಿದ್ದೇವೆ. ವಿಸರಣೆ ಎಷ್ಟು ನಿಧಾನ ಎನ್ನುವುದು ಮಾತ್ರ ಅಷ್ಟಾಗಿ ಮನಸ್ಸಿಗೆ ಬಂದಿರುವುದಿಲ್ಲ. ಲೋಟದಲ್ಲಿ ಬಣ್ಣ ಬೇಗ ಹಬ್ಬುವುದು ನೀರು ಒಳಗೊಳಗೇ ಅಲುಗುತ್ತಿರುವುದರಿಂದ. ನೀರು ಒಂದಿಷ್ಟೂ ಕದಲದಿದ್ದರೆ ಆಹಾರದ ಬಣ್ಣದ ಅಣುಗಳು ಒಂದು ಸೆಂಟಿಮೀಟರ್ ಸರಿಯಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಒಂದು ಮಿಲಿಮೀಟರಿಗೆ ಕಾಲು ಗಂಟೆ ಸಾಕು, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಸುಮಾರು 10 ಸೆಕೆಂಡ್. ದೂರ ಹತ್ತು ಪಟ್ಟು ಕಡಿಮೆಯಾದರೆ ಸಮಯ ನೂರು ಪಟ್ಟು ಇಳಿಯುತ್ತದೆ. ಇದು ಬರೀ ನೀರಿನ ಲೆಕ್ಕ. ಮೈದಾ, ಸಕ್ಕರೆ, ಬೆಣ್ಣೆ ಸೇರಿದ ಹಿಟ್ಟಿನಲ್ಲಿ ಅಣುಗಳ ಓಡಾಟ ಇನ್ನೂ ನಿಧಾನ. ಕಪ್‌ಕೇಕ್ ಓವನ್‌ನಲ್ಲಿ ಇರುವುದು 20 ನಿಮಿಷದ ಆಸುಪಾಸು, ಅಷ್ಟರೊಳಗೇ ಪಿಷ್ಟ ಉಬ್ಬಿ, ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಎಲ್ಲವೂ ಇದ್ದಲ್ಲೇ ನಿಂತುಬಿಡುತ್ತದೆ. ಬಟ್ಟಲಲ್ಲಿದ್ದ ಗೆರೆ ಓವನ್‌ನಲ್ಲಿ ಮಾಯವಾಗಲಿ ಎಂದು ಕಾಯುವುದು ವ್ಯರ್ಥ.

ಹಾಗಾದರೆ ಚಮಚ ಮಾಡುವ ಕೆಲಸವೇನು? ಅದು ಬಣ್ಣದ ಪಟ್ಟಿಯನ್ನು ಎಳೆದು, ಮಡಿಸಿ, ಮತ್ತೆ ಎಳೆದು ತೆಳ್ಳಗೆ ಮಾಡುತ್ತದೆ. ಚಿರೋಟಿಗೆ ಪದರ ಬರುವುದೂ ಹೀಗೆಯೇ. ಪ್ರತಿ ಮಡಿಕೆಗೂ ಪದರ ದುಪ್ಪಟ್ಟು, ದಪ್ಪ ಅರ್ಧ. ಹತ್ತು ಸಲ ಸರಿಯಾಗಿ ಮಡಿಸಿದರೆ ಸಾವಿರಕ್ಕೂ ಹೆಚ್ಚು ಪದರ, ಸೆಂಟಿಮೀಟರ್ ದಪ್ಪದ ಪಟ್ಟಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆ ದಪ್ಪದಲ್ಲಿ ವಿಸರಣೆ ಕ್ಷಣದಲ್ಲಿ ಉಳಿದ ಕೆಲಸ ಮುಗಿಸುತ್ತದೆ. ಕಲಕುವಿಕೆ ಮತ್ತು ವಿಸರಣೆ ಜೊತೆಗೂಡಿದಾಗಲೇ ಬಣ್ಣ ಸಮನಾಗುವುದು.

ಒಂದೇ ದಿಕ್ಕಿಗೆ ಸುತ್ತ ಸುತ್ತ ತಿರುಗಿಸಿದರೆ ಈ ಮಡಿಕೆ ಬೀಳುವುದೇ ಇಲ್ಲ. ಕೇಂಬ್ರಿಜ್‌ನ ಭೌತವಿಜ್ಞಾನಿ ಜಿ. ಐ. ಟೇಲರ್ 1960ರ ದಶಕದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದರು. ಒಂದರೊಳಗೊಂದು ನಿಲ್ಲಿಸಿದ ಎರಡು ಕೊಳವೆಗಳ ನಡುವೆ ಗ್ಲಿಸರಿನ್ ತುಂಬಿ, ಅದರೊಳಗೆ ಬಣ್ಣದ ಹನಿ ಇಟ್ಟು ಒಳಗಿನ ಕೊಳವೆಯನ್ನು ಕೆಲವು ಸುತ್ತು ತಿರುಗಿಸಿದರು. ಬಣ್ಣ ಪೂರ್ತಿ ಬೆರೆತುಹೋದಂತೆ ಕಂಡಿತು. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದಾಗ ಹನಿ ಮತ್ತೆ ತನ್ನ ಜಾಗದಲ್ಲಿ ಮೂಡಿತು! ಗಟ್ಟಿ ದ್ರವದಲ್ಲಿ ಬರೀ ಸುತ್ತುವುದು ಬೆರೆಸಿದಂತಲ್ಲ. ಕೇಕ್ ಹಿಟ್ಟು ಗ್ಲಿಸರಿನ್‌ನಷ್ಟು ಸರಳ ದ್ರವವಲ್ಲ, ಆದರೂ ಪಾಠ ಇದಕ್ಕೂ ಸಲ್ಲುತ್ತದೆ. 1984ರಲ್ಲಿ ಹಸನ್ ಆರೆಫ್ ಎಂಬ ವಿಜ್ಞಾನಿ, ಕಲಕುವ ಜಾಗವನ್ನು ಆಗಾಗ ಬದಲಿಸಿದರೆ ನಿಧಾನದ ಹರಿವೂ ಅಡ್ಡಾದಿಡ್ಡಿಯಾಗಿ ಚೆನ್ನಾಗಿ ಬೆರೆಯುತ್ತದೆಂದು ಗಣಿತದಿಂದ ತೋರಿಸಿದರು. ಅಡುಗೆಮನೆಯಲ್ಲಿ ಇದರ ಅರ್ಥ, ಸೌಟನ್ನು ಎಂಟರ ಆಕಾರದಲ್ಲಿ ಆಡಿಸಿ, ತಳದಿಂದ ಎತ್ತಿ ಮೇಲಕ್ಕೆ ಮಗುಚಿ, ಬಟ್ಟಲಿನ ಅಂಚಿಗೆ ಅಂಟಿದ್ದನ್ನು ಕೆರೆದು ಒಳಕ್ಕೆ ತನ್ನಿ.

ಹಾಗೆಂದು ಬೇಕಾದಷ್ಟು ಹೊತ್ತು ಕಲಕುತ್ತಾ ಕೂರುವಂತಿಲ್ಲ. ಮೈದಾಕ್ಕೆ ನೀರಿನಂಶ ಸೋಕಿದ ಮೇಲೆ ಪ್ರತಿ ತಿರುವೂ ಗ್ಲುಟೆನ್ ಎಳೆಗಳನ್ನು ಬಲಪಡಿಸುತ್ತದೆ. ಚಪಾತಿಗೆ ಅದು ಬೇಕು, ಕಪ್‌ಕೇಕ್‌ಗೆ ಬೇಡ. ಅತಿಯಾಗಿ ಕಲಕಿದ ಕೇಕ್ ನಡುವೆ ಗೋಪುರದಂತೆ ಎದ್ದು ಬಿರಿಯುತ್ತದೆ, ಒಳಗೆ ಉದ್ದುದ್ದ ತೂತುಗಳು ಬೀಳುತ್ತವೆ, ತಿನ್ನುವಾಗ ಎಳೆದಂತಾಗುತ್ತದೆ. ಆದ್ದರಿಂದ ಬಣ್ಣದ ಕೆಲಸ ಮೈದಾ ಬೀಳುವ ಮೊದಲೇ ಮುಗಿದಿರಬೇಕು.

ಎಲ್ಲಿ ಕರಗಿಸುವುದು? ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಪಾನ್ಸೋ 4ಆರ್, ಬ್ರಿಲಿಯಂಟ್ ಬ್ಲೂ ಮುಂತಾದ ಬಣ್ಣಗಳು ನೀರಿನಲ್ಲಿ ಕರಗುವಂಥವು, ಕೊಬ್ಬಿನಲ್ಲಲ್ಲ. ಬೆಣ್ಣೆ–ಸಕ್ಕರೆ ತಿಕ್ಕುವಾಗ ಪುಡಿ ಬಣ್ಣ ಉದುರಿಸಿದರೆ ಕಣಗಳಿಗೆ ಬೆಣ್ಣೆಯ ಪೊರೆ ಹತ್ತಿಕೊಂಡು ಅವು ಕರಗದೆ ಉಳಿಯುತ್ತವೆ. ಓವನ್‌ನಲ್ಲಿ ಬೆಣ್ಣೆ ಕರಗಿ ಕಣಕ್ಕೆ ನೀರು ತಾಗಿದಾಗ ಅದೇ ಜಾಗದಲ್ಲಿ ಕಡುಚುಕ್ಕೆ ಅರಳುತ್ತದೆ. ನಮ್ಮ ಅಡುಗೆಯವರು ಕೇಸರಿಬಾತಿಗೆ ಬಣ್ಣವನ್ನು ಚಮಚ ಬಿಸಿಹಾಲಿನಲ್ಲಿ ಕದಡಿ ಹಾಕುವುದು ಇದಕ್ಕೇ. ಕೇಕಿಗೂ ಅದೇ ಕ್ರಮ ಸರಿ. ಮೊಟ್ಟೆ ಹಾಕುವವರು ಮೊಟ್ಟೆ–ಹಾಲಿನಲ್ಲಿ, ಹಾಕದವರು ಮೊಸರು–ಹಾಲಿನಲ್ಲಿ ಬಣ್ಣವನ್ನು ಪೂರ್ತಿ ಕರಗಿಸಿ ಮುಂದುವರಿಯಲಿ. ಜೆಲ್ ಬಣ್ಣ ಗಾಢವಾಗಿದ್ದು ಹಿಟ್ಟನ್ನು ನೀರಾಗಿಸುವುದಿಲ್ಲ, ಒಳ್ಳೆಯದೇ. ಆದರೆ ಅದು ಮಂದವಾಗಿರುವುದರಿಂದ ಹಿಟ್ಟಿನಲ್ಲಿ ಗಂಟಾಗಿ ಕೂರುತ್ತದೆ, ಅದನ್ನೂ ಸ್ವಲ್ಪ ಹಾಲಿನಲ್ಲಿ ಸಡಿಲಿಸಬೇಕು. ಹಲವು ಬಣ್ಣದ ಕಪ್‌ಕೇಕ್ ಬೇಕಿದ್ದರೆ ಸಿದ್ಧ ಹಿಟ್ಟನ್ನು ಪಾಲು ಮಾಡಬೇಡಿ. ಹಸಿ ಮಿಶ್ರಣವನ್ನೇ ತೂಕ ಮಾಡಿ ಬಟ್ಟಲುಗಳಿಗೆ ಹಂಚಿ, ಬಣ್ಣ ಕರಗಿಸಿ, ಆಮೇಲೆ ಒಂದೊಂದಕ್ಕೂ ಮೈದಾ ಸೇರಿಸಿ. ಕರಗಿದೆಯೋ ಇಲ್ಲವೋ ತಿಳಿಯಲು ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬೆರಳಿನಿಂದ ತೆಳುವಾಗಿ ಎಳೆದು ನೋಡಿ. ಉಳಿದ ಕಣಗಳು ಬಾಲ ಬಿಟ್ಟ ಗೆರೆಗಳಾಗಿ ಕಾಣುತ್ತವೆ.

ಹೀಗೆ ಮಾಡಿದಾಗ ಕಡಿಮೆ ಬಣ್ಣವೇ ಸಾಕಾಗುತ್ತದೆ, ನನಗೆ ಇದು ಮುಖ್ಯವೆನಿಸುತ್ತದೆ. ಭಾರತದಲ್ಲಿ ಕೃತಕ ಬಣ್ಣಕ್ಕೆ ಸಾಮಾನ್ಯ ಮಿತಿ ಕೆಜಿ ಆಹಾರಕ್ಕೆ 100 ಮಿಲಿಗ್ರಾಂ. ಒಂದು ಡಜನ್ ಕಪ್‌ಕೇಕ್‌ನ ಹಿಟ್ಟಿಗೆ ಲೆಕ್ಕ ಹಾಕಿದರೆ ಶುದ್ಧ ಬಣ್ಣ ಒಂದು ಚಿಟಿಕೆಯಷ್ಟೂ ಬರುವುದಿಲ್ಲ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ ತಂದು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು, ಕಾರಣ ಕೃತಕ ಬಣ್ಣಗಳು. ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಮಾಡುವವರು ತಮಗೆ ಅರಿವಿಲ್ಲದೆ ಆ ಮಿತಿ ದಾಟಬಾರದು.

ಬಟ್ಟಲಲ್ಲಿ ಸಮನಾದ ಬಣ್ಣವನ್ನೂ ಓವನ್ ಕೆಡಿಸಬಲ್ಲದು. ಕೇಕಿನ ಒಳಗೆ ನೀರಿರುವವರೆಗೆ ಶಾಖ 100 ಡಿಗ್ರಿ ದಾಟುವುದಿಲ್ಲ, ಆದರೆ ಒಣಗಿದ ಮೇಲ್ಮೈ 140 ಡಿಗ್ರಿ ಮೀರಿ ಸಕ್ಕರೆ–ಪ್ರೋಟೀನ್ ಸೇರಿ ಕಂದಾಗುತ್ತದೆ. ತಿಳಿಬಣ್ಣದ ಅಚ್ಚು, 160 ಡಿಗ್ರಿಯ ಹದವಾದ ಶಾಖ ಇದನ್ನು ತಗ್ಗಿಸುತ್ತವೆ. ನೀಲಿ ಕೇಕ್ ಹಸಿರಿಗೆ ತಿರುಗಿದರೆ ಹಳದಿ ಲೋಳೆಯನ್ನು ಬಿಟ್ಟು ಬಿಳಿ ಲೋಳೆಯನ್ನಷ್ಟೇ ಹಾಕಿ.

ಬೀಟ್‌ರೂಟ್, ಅರಿಶಿನ ಬಳಸುವವರಿಗೆ ಇನ್ನೊಂದು ತೊಡಕಿದೆ. ಬೀಟ್‌ರೂಟಿನ ಕೆಂಪು ಶಾಖಕ್ಕೂ ಸೋಡಾದ ಕ್ಷಾರಕ್ಕೂ ಬಾಡಿ ಕಂದು ಹಳದಿಯಾಗುತ್ತದೆ. ಹುಳಿ ಮೊಸರು ಅಥವಾ ನಿಂಬೆರಸ ಅದನ್ನು ಒಂದಿಷ್ಟು ಕಾಯುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದು ನಮಗೆ ಗೊತ್ತೇ ಇದೆ. ಕೇಕಿನಲ್ಲಿ ಸುಣ್ಣದ ಜಾಗಕ್ಕೆ ಅಡುಗೆ ಸೋಡಾ ಬರುತ್ತದೆ. ಸೋಡಾ ಗಂಟಾಗಿ ಉಳಿದಲ್ಲೆಲ್ಲ ಹಳದಿ ಕೇಕಿನ ಮೈಮೇಲೆ ಕೆಂಗಂದು ಚುಕ್ಕೆ ಏಳುತ್ತದೆ, ಬಣ್ಣ ಎಷ್ಟೇ ಚೆನ್ನಾಗಿ ಬೆರೆತಿರಲಿ. ಆದ್ದರಿಂದ ಇಲ್ಲಿ ಸೋಡಾವನ್ನು ಮೈದಾ ಜೊತೆ ಎರಡು ಮೂರು ಸಲ ಜರಡಿ ಹಿಡಿಯಬೇಕು. ಅರಿಶಿನದ ಬಣ್ಣ ಕೃತಕ ಬಣ್ಣಗಳಿಗೆ ತದ್ವಿರುದ್ಧವಾಗಿ ಕೊಬ್ಬಿನಲ್ಲಿ ಕರಗುವುದರಿಂದ, ಅದನ್ನು ಹಾಲಿಗೆ ಹಾಕದೆ ಉಗುರುಬೆಚ್ಚಗಿನ ಎಣ್ಣೆ ಇಲ್ಲವೇ ಕರಗಿಸಿದ ಬೆಣ್ಣೆಯಲ್ಲಿ ಕದಡಬೇಕು.