ಸುಂಡಿಲಿಯ ಮುಂದೆ ಎರಡು ಬಾಟಲಿ

ಬಳ್ಳಾರಿಯ ಬಿಸಿಲಿಗೆ ಅಂಜೂರ ತಡೆಯುವುದಿಲ್ಲ. ಬೆಳಿಗ್ಗೆ ಕುರುಗೋಡಿನಿಂದ ಬರುತ್ತ ಕೊಂಡು ತಂದ ಹಣ್ಣು ಮಧ್ಯಾಹ್ನಕ್ಕೆ ಮೆತ್ತಗಾಯಿತು, ಸಂಜೆಗೆ ಹೊಟ್ಟೆಯೊಡೆದು ಹುಳಿವಾಸನೆ ಬಿಟ್ಟಿತು. ಬಿಸಾಡಬೇಕು ಎನ್ನುವಷ್ಟರಲ್ಲಿ ಅವು ಬಂದುಬಿಟ್ಟಿದ್ದವು! ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಆದರೂ ಬಂದಿದ್ದವು. ಎಳ್ಳುಕಾಳಿಗಿಂತ ಚಿಕ್ಕವು, ಕೆಂಪು ಕಣ್ಣಿನವು. ನುಸಿ ಎಂದು ಕೈಬೀಸಿ ಓಡಿಸುತ್ತೇವಲ್ಲ, ಅದೇ ಹಣ್ಣಿನ ನೊಣ. ವಿಜ್ಞಾನಿಗಳ ಬಾಯಲ್ಲಿ ಡ್ರೊಸೋಫಿಲ.

ಅವು ಬಂದದ್ದು ಹಣ್ಣಿಗಲ್ಲ, ಹೆಂಡಕ್ಕೆ. ಒಡೆದ ಹಣ್ಣಿನೊಳಗೆ ಯೀಸ್ಟ್ ಸಕ್ಕರೆಯನ್ನು ಮದ್ಯವಾಗಿಸುತ್ತಿರುತ್ತದೆ. ಈಚಲು ಮರದ ಮಡಕೆಯಲ್ಲಿ ನೀರಾ ಸೇಂದಿಯಾಗುವುದೂ ಇದೇ ಕೈಚಳಕದಿಂದ. ಆ ವಾಸನೆ ಹಿಡಿದು ಬಂದ ತಾಯಿನೊಣ ಅಲ್ಲೇ ಮೊಟ್ಟೆಯಿಟ್ಟು ಹೋಗುತ್ತದೆ, ಮರಿಹುಳು ಹೆಂಡದಲ್ಲೇ ಈಜಿ ಬೆಳೆಯುತ್ತದೆ. ಸಾಯುವುದಿಲ್ಲ ಏಕೆಂದರೆ ಅದರ ಮೈಯಲ್ಲಿ ಮದ್ಯವನ್ನು ಒಡೆಯುವ ಒಂದು ಕಿಣ್ವವಿದೆ. ಆ ಕಿಣ್ವದ ಜೀನಿನಲ್ಲಿ ಎರಡು ಬಗೆ, ಒಂದು ಚುರುಕು, ಒಂದು ನಿಧಾನ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ! ಇನ್ನೂರೈವತ್ತಕ್ಕೂ ಹೆಚ್ಚು ಮಣಿಗಳ ಸರದಲ್ಲಿ ಒಂದು ಮಣಿ ಬದಲಾದರೆ ಸಾಕು, ಅದೇ ಹಣ್ಣಿನಲ್ಲಿ ಒಬ್ಬನಿಗೆ ಊಟ, ಇನ್ನೊಬ್ಬನಿಗೆ ವಿಷ.

ಅಂಜೂರವೆಂದರೆ ಪ್ರಾಣ ಬಿಡುವ ಜಾತಿಯೂ ಒಂದಿದೆ, ತಲೆಯಿಂದ ಬೆನ್ನಿನುದ್ದಕ್ಕೂ ಬಿಳಿ ಪಟ್ಟೆ ಎಳೆದುಕೊಂಡದ್ದು. ಮೂಲ ಆಫ್ರಿಕ. ಆದರೆ 1970ರಲ್ಲಿ ಭಾರತದ ಮಾದರಿ ನೋಡಿ ಹೆಸರಿಟ್ಟಿದ್ದರಿಂದ ಅದು ಜಪ್ರಿಯೋನಸ್ ಇಂಡಿಯಾನಸ್ ಆಯಿತು. 1999ರಲ್ಲಿ ಬ್ರೆಜಿಲ್‌ಗೆ ಕಾಲಿಟ್ಟು ಅಲ್ಲಿನ ಅಂಜೂರ ತೋಟಗಳನ್ನು ಹಾಳುಗೆಡವಿತು. ನಮ್ಮ ದೇಶದ ಹೆಸರು ಹೊತ್ತು ಮಾಡಿದ ಕೆಲಸ!

ಇಷ್ಟೆಲ್ಲ ತಲೆಗೆ ಹತ್ತಿದ್ದು ಸಿರುಗುಪ್ಪದಲ್ಲಿ ಕೇಳಿದ ಒಂದು ಮಾತಿನಿಂದ. ಕಾಲುವೆ ಬದಿಯ ಭತ್ತದ ಗದ್ದೆಯ ಹತ್ತಿರ ಹಿರಿಯರೊಬ್ಬರು ತಮ್ಮ ಮನೆತನದ ಕುಡಿತದ ಕತೆ ಹೇಳುತ್ತಿದ್ದರು. ಅಪ್ಪ ಕುಡಿದ, ಅಣ್ಣ ಕುಡಿದ, ಇವರು ಮಾತ್ರ ಮುಟ್ಟಲಿಲ್ಲ. “ಅದು ರಕ್ತದಾಗ ಐತ್ರೀ,” ಅಂದರು. ನಾನು ಥಟ್ಟನೆ ಕೇಳಿದೆ: “ಹಂಗಾದ್ರ ನಿಮ್ಮ ರಕ್ತದಾಗ ಯಾಕಿಲ್ಲ ಯಜಮಾನ್ರೇ?” ಅವರು ನಕ್ಕುಬಿಟ್ಟರು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಉತ್ತರ ಹುಡುಕುತ್ತ ಹೋದರೆ ಸಿಕ್ಕಿದ್ದು ಸುಂಡಿಲಿಗಳು! ಪ್ರಯೋಗ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳೂ ಮಾಡಿಯಾರು. ಪಂಜರಕ್ಕೆ ಎರಡು ಬಾಟಲಿ ಸಿಕ್ಕಿಸಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಮದ್ಯ ಬೆರೆಸಿದ ನೀರು. ಯಾವುದು ಎಷ್ಟು ಖಾಲಿಯಾಯಿತು ಎಂದು ದಿನಾ ಅಳೆಯಿರಿ. 1959ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೆಕ್‌ಕ್ಲರ್ನ್ ಮತ್ತು ರಾಜರ್ಸ್ ಹೀಗೆ ಅಳೆದರು. ಅವರ ಬಳಿಯಿದ್ದವು ಒಡಹುಟ್ಟಿದವನ್ನೇ ಜೋಡಿ ಮಾಡುತ್ತ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಬೆಳೆಸಿದ ತಳಿಗಳು. ಒಂದು ತಳಿಯ ಸುಂಡಿಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನ ಅವಳಿಗಳು. ಸಿ57 ಎಂಬ ಕಪ್ಪು ತಳಿ ಮದ್ಯದ ಬಾಟಲಿಗೇ ಬಾಯಿ ಹಚ್ಚಿತು. ಡಿಬಿಎ ಎಂಬ ತಳಿ ಅದರ ಹತ್ತಿರವೂ ಸುಳಿಯಲಿಲ್ಲ! ಯಾರೂ ಕಲಿಸಿರಲಿಲ್ಲ. ಸಂಗದೋಷವಿಲ್ಲ, ಸಂಬಳದ ದಿನವಿಲ್ಲ, ಗಡಂಗಿನ ಗೆಳೆಯರಿಲ್ಲ. ಬದಲಾಗಿದ್ದದ್ದು ತಳಿ ಒಂದೇ.

ಅಕಸ್ಮಾತ್ ಹಾಗಾಗಿರಬಹುದೆ? 1999ರಲ್ಲಿ ಕ್ರ್ಯಾಬ್, ವಾಲ್‌ಸ್ಟೆನ್, ಡ್ಯುಡೆಕ್ ಎಂಬ ಮೂವರು ಒಂದು ಹಟದ ಕೆಲಸ ಮಾಡಿದರು. ಪೋರ್ಟ್‌ಲ್ಯಾಂಡ್, ಎಡ್ಮಂಟನ್, ಆಲ್ಬನಿ, ಈ ಮೂರು ಊರುಗಳಲ್ಲಿ ಅವೇ ತಳಿಗಳಿಗೆ ಅವೇ ಪರೀಕ್ಷೆಗಳು, ಎಲ್ಲ ಒಂದೇ ದಿನ, ಒಂದೇ ಕ್ರಮದಲ್ಲಿ. ಇಷ್ಟಾದರೂ ಹೆದರಿಕೆ, ಓಡಾಟ, ಕೊಕೇನಿನ ಪರಿಣಾಮ ಇವುಗಳ ಲೆಕ್ಕ ಊರಿಂದೂರಿಗೆ ಬದಲಾಯಿತು. ಬದಲಾಗದೆ ನಿಂತದ್ದು ಯಾವುದು ಗೊತ್ತೆ? ಕುಡಿತದ ಒಲವು! ಕುಡಿಯುವ ತಳಿ ಮೂರೂ ಊರಲ್ಲಿ ಕುಡಿಯಿತು.

ಫಿನ್‌ಲೆಂಡಿನಲ್ಲಿ ದೊಡ್ಡ ಇಲಿಗಳ ಮೇಲೆ ಈ ಆಟ ಆಡಿದ್ದು ಆಲ್ಕೊ, ಅಂದರೆ ಮದ್ಯ ಮಾರುವ ಸರ್ಕಾರಿ ಕಂಪನಿ. ಮಾರುವವರೇ ಕುಡುಕರನ್ನು ಸಾಕಿದರು ಎಂದು ನಗಬೇಡಿ, ಅವರು ಕುಡಿಯದ ಇಲಿಗಳನ್ನೂ ಅಷ್ಟೇ ಅಕ್ಕರೆಯಿಂದ ಸಾಕಿದರು. ಹೆಚ್ಚು ಕುಡಿದವನ್ನು ಹೆಚ್ಚು ಕುಡಿದವುಗಳ ಜತೆ, ಮುಟ್ಟದವನ್ನು ಮುಟ್ಟದವುಗಳ ಜತೆ ಕೂಡಿಸಿದ್ದೇ ತಡ, ಕೆಲವೇ ತಲೆಮಾರುಗಳಲ್ಲಿ ಎರಡು ಕುಲಗಳು ಬೇರೆಯಾದವು. ನಮ್ಮ ರೈತ ಬಿತ್ತನೆಗೆಂದು ಒಳ್ಳೆ ತೆನೆ ಆರಿಸಿಡುವುದೂ ಇದೇ ವಿದ್ಯೆ. ಅಮೆರಿಕದ ಇಂಡಿಯಾನದಲ್ಲಿ ಹೀಗೇ ಆರಿಸಿ ಬೆಳೆಸಿದ ಕುಡುಕ ಇಲಿಗಳ ಕುಲ ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 5 ಗ್ರಾಂಗೂ ಹೆಚ್ಚು ಶುದ್ಧ ಮದ್ಯ ಇಳಿಸುತ್ತದೆ. ಲೆಕ್ಕ ಹಾಕಿ ನೋಡಿದೆ: 60 ಕಿಲೋ ಮನುಷ್ಯನಿಗೆ ಅದು ದಿನಕ್ಕೊಂದು ಫುಲ್ ವಿಸ್ಕಿಗಿಂತ ಜಾಸ್ತಿ! (ಇಲಿಯ ಪಿತ್ತಜನಕಾಂಗ ನಮ್ಮದಕ್ಕಿಂತ ಚುರುಕು, ಪೈಪೋಟಿಗೆ ಇಳಿಯಬೇಡಿ.) 2013ರಲ್ಲಿ ಈ ಇಲಿಗಳ ಜೀನುಗಳನ್ನು ಓದಿದಾಗ ಗ್ಲುಟಮೇಟ್ ಎಂಬ ಮಿದುಳಿನ ಸಂದೇಶವಾಹಕವನ್ನು ಹತೋಟಿಯಲ್ಲಿಡುವ ಒಂದು ಗ್ರಾಹಕದ ಜೀನ್ ನಡುವೆಯೇ ಕಡಿದುಹೋಗಿರುವುದು ಕಂಡಿತು. ಬ್ರೇಕಿನ ತಂತಿ ಕಿತ್ತ ಗಾಡಿ.

ಹಾಗಾದರೆ ಯಜಮಾನರು ಹೇಳಿದ್ದೇ ಸರಿ, ರಕ್ತದಲ್ಲೇ ಇದೆ ಎಂದು ಪುಸ್ತಕ ಮುಚ್ಚಬಹುದಿತ್ತು. ಅಷ್ಟರಲ್ಲಿ ಆ ಸಂಭಾವಿತ ಡಿಬಿಎ ಸುಂಡಿಲಿ ನನ್ನನ್ನು ಬೆಚ್ಚಿಬೀಳಿಸಿತು. ಬಾಯಿಯ ದಾರಿ ಬಿಟ್ಟು ಅದಕ್ಕೆ ಮದ್ಯವನ್ನು ಸೂಜಿಯಲ್ಲಿ ಕೊಟ್ಟರು. ಮದ್ಯ ಕೊಟ್ಟಾಗ ಒಂದು ಬಗೆಯ ನೆಲ, ಕೊಡದಿದ್ದಾಗ ಇನ್ನೊಂದು ಬಗೆಯ ನೆಲ. ಆಮೇಲೆ ಎಲ್ಲಿ ಬೇಕಾದರೂ ಇರು ಎಂದು ಬಿಟ್ಟಾಗ ಅದು ಮದ್ಯ ಸಿಕ್ಕಿದ ನೆಲಕ್ಕೇ ಹೋಗಿ ಕೂತಿತು. ಕಪ್ಪು ಕುಡುಕನಿಗಿಂತ ಜಾಸ್ತಿ ಹೊತ್ತು! ಅಂದರೆ ಅಮಲು ಅದಕ್ಕೆ ಬೇಕು, ರುಚಿ ಬೇಡ. ಇತ್ತ ಕಪ್ಪು ತಳಿಗೆ ಸಿಹಿಯ ಚಪಲ. ಮದ್ಯ ಇಲಿಯ ನಾಲಿಗೆಗೆ ಒಂದಿಷ್ಟು ಸಿಹಿ, ಒಂದಿಷ್ಟು ಕಹಿ. ಸಿಹಿ ಹಿಡಿಯುವ ಗ್ರಾಹಕದ ಜೀನನ್ನು ತೆಗೆದುಹಾಕಿದರೆ ಕಪ್ಪು ತಳಿಯ ಕುಡಿತವೂ ಇಳಿಯುತ್ತದೆ. ‘ಕುಡಿತದ ಜೀನ್’ ಎಂದು ಹುಡುಕುತ್ತ ಹೋದವರಿಗೆ ದಾರಿಯಲ್ಲಿ ಸಿಕ್ಕಿದ್ದು ಮೈಸೂರುಪಾಕಿನ ಜೀನ್!

ನಾಲಿಗೆ ಒಂದು ಹೇಳುತ್ತದೆ, ಪಿತ್ತಜನಕಾಂಗ ಒಂದು, ಮಿದುಳು ಇನ್ನೊಂದು. ಒಂದೇ ಮೈಯಲ್ಲಿ ಮೂರು ಪಂಚಾಯಿತಿ.

ಮತ್ತೆ ನೊಣಕ್ಕೆ ಬರೋಣ, ನನಗೆ ಅದರ ಮೇಲೇ ಪ್ರೀತಿ. ನಾಲ್ಕಡಿ ಎತ್ತರದ ಗಾಜಿನ ಕೊಳವೆ, ಒಳಗೆ ಓರೆ ಮೆಟ್ಟಿಲುಗಳು, ಮದ್ಯದ ಆವಿ. ನೊಣಗಳನ್ನು ಮೇಲಿಂದ ಬಿಟ್ಟರೆ ಅಮಲೇರಿದಂತೆ ತೂರಾಡುತ್ತ ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿ ಕೆಳಗೆ ಬೀಳುತ್ತವೆ. ಉಲ್ರಿಕೆ ಹೆಬರ್ಲೈನ್ ತಂಡ ಇದರಲ್ಲಿ ಬೇಗ ಬೀಳುವ ಒಂದು ತಳಿಯನ್ನು ಹಿಡಿದು ‘ಚೀಪ್‌ಡೇಟ್’ ಎಂದು ಹೆಸರಿಟ್ಟಿತು. 1998ರಲ್ಲಿ ಅದರ ಜೀನ್ ಯಾವುದೆಂದು ಬಯಲಾದಾಗ ಎಲ್ಲರೂ ಹುಬ್ಬೇರಿಸಿದರು. ಅದು ಹಳೇ ಪರಿಚಯದ್ದು, ‘ಅಮ್ನೀಸಿಯಾಕ್’, ಕಲಿತದ್ದನ್ನು ಮರೆಯುವ ನೊಣಗಳಲ್ಲಿ ಸಿಕ್ಕಿದ್ದ ಜೀನ್! ಮರೆವಿಗೂ ಅಮಲಿಗೂ ಒಂದೇ ಬೀಗ.

ಇನ್ನೊಂದು ಕೇಳಿ. 2012ರಲ್ಲಿ ಹೆಣ್ಣುನೊಣಗಳಿಂದ ಮತ್ತೆ ಮತ್ತೆ ತಿರಸ್ಕಾರಗೊಂಡ ಗಂಡುನೊಣಗಳು ಮದ್ಯ ಬೆರೆತ ಆಹಾರಕ್ಕೆ ಹೆಚ್ಚು ಮುಗಿಬಿದ್ದದ್ದು ಕಂಡಿತು. ದೇವದಾಸನ ಕತೆ ಎಳ್ಳುಕಾಳಿಗಿಂತ ಚಿಕ್ಕ ಮೈಯಲ್ಲಿ! ಅವುಗಳ ಮಿದುಳಿನಲ್ಲಿ ಎನ್‌ಪಿಎಫ್ ಎಂಬ ಅಣು ಕುಗ್ಗಿತ್ತು. ಸುಂಡಿಲಿಯಲ್ಲಿ ಅದರ ದಾಯಾದಿ ಎನ್‌ಪಿವೈ. ಅದಿಲ್ಲದ ಸುಂಡಿಲಿಗಳು ಹೆಚ್ಚು ಕುಡಿಯುತ್ತವೆಂದು 1998ರಲ್ಲೇ ಗೊತ್ತಾಗಿತ್ತು. ಅದೇ ಎನ್‌ಪಿವೈ ನಿಮ್ಮ ತಲೆಯಲ್ಲೂ ಇದೆ. ನೊಣವೂ ನಾವೂ ಕವಲೊಡೆದು ಐವತ್ತು ಕೋಟಿ ವರ್ಷ ದಾಟಿದೆ, ಈ ಎಳೆ ಮಾತ್ರ ಕಡಿದಿಲ್ಲ.

ಈ ನೊಣದ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ. ಆರ್. ರಾಜಶೇಖರಶೆಟ್ಟಿ ಹಚ್ಚಿದ ದೀಪ ಇನ್ನೂ ಉರಿಯುತ್ತಿದೆ, ಅಲ್ಲಿ ಡ್ರೊಸೋಫಿಲ ತಳಿಗಳ ರಾಷ್ಟ್ರೀಯ ಭಂಡಾರವೇ ಇದೆ. ಅಲ್ಲಿಯವರು ಗುರುತಿಸಿದ ಜಾತಿಗಳಲ್ಲಿ ಒಂದರ ಹೆಸರು ಮೈಸೂರೆನ್ಸಿಸ್, ಇನ್ನೊಂದರದು ಅಗುಂಬೆನ್ಸಿಸ್. ಬಳ್ಳಾರಿಯ ಹೆಸರಿನದು ಇನ್ನೂ ಬಂದಂತಿಲ್ಲ. ನಮ್ಮ ಅಂಜೂರಕ್ಕೆ ಅನ್ಯಾಯ.

ಮನುಷ್ಯನನ್ನು ಪಂಜರದಲ್ಲಿಟ್ಟು ಎರಡು ಬಾಟಲಿ ಕೊಡಲಾಗದು. ಒಂದು ಬಾಟಲಿಯನ್ನು ಕಸಿದುಕೊಳ್ಳುವ ಪ್ರಯೋಗವನ್ನು ಮಾತ್ರ ಸರ್ಕಾರಗಳು ಮಾಡಿವೆ: ಬಳ್ಳಾರಿ ಮದ್ರಾಸಿನಲ್ಲಿದ್ದ ಕಾಲಕ್ಕೆ, 1948ರ ಹೊತ್ತಿಗೆ, ಇಡೀ ಪ್ರಾಂತ್ಯದಲ್ಲಿ ಪಾನನಿಷೇಧವಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಅವಳಿಗಳ ಅಧ್ಯಯನಗಳು ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶದ್ದು ಎನ್ನುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಕುಡುಕ ತಂದೆಯರ ಗಂಡುಮಕ್ಕಳ ಮಿದುಳನ್ನು ನೋಡಿದರು. ಇನ್ನೂ ಚಟಕ್ಕೆ ಬೀಳದ ಮಕ್ಕಳು. ಆಗಲೇ ಕೆಲವು ಕಡೆ ಮಿದುಳಿನ ಬೂದುದ್ರವ್ಯ ಉಳಿದವರಿಗಿಂತ ಕಡಿಮೆಯಿತ್ತು. ಸಿರುಗುಪ್ಪದ ಯಜಮಾನರಿಗೆ ಅಪ್ಪನ ಗಂಟಿನಲ್ಲಿ ಯಾವ ಕಾಸು ಬಂತೋ, ಅಣ್ಣನಿಗೆ ಯಾವುದು ಬಂತೋ! ಒಂದೇ ಗಂಟಾದರೂ ಒಡಹುಟ್ಟಿದವರು ಸಿ57ನಂತೆ ಒಂದೇ ಅಚ್ಚಿನವರಲ್ಲ.

ಅಂಜೂರದ ತಟ್ಟೆಯನ್ನು ನಾನು ಎಸೆಯಲಿಲ್ಲ, ಕಿಟಕಿ ತೆರೆದು ಗೂಡಿನಲ್ಲಿಟ್ಟೆ. ಓದಿದ್ದ ಇನ್ನೊಂದು ಸಂಗತಿ ಕಾಡುತ್ತಿತ್ತು: ನೊಣದ ಮರಿಯೊಳಗೆ ಮೊಟ್ಟೆಯಿಡುವ ಒಂದು ಪುಟ್ಟ ಕಣಜವಿದೆ. ಅದು ಕಣ್ಣಿಗೆ ಬಿದ್ದರೆ ಸಾಕು, ತಾಯಿನೊಣ ಹೆಚ್ಚು ಮದ್ಯವಿರುವ ಜಾಗ ಹುಡುಕಿ ಮೊಟ್ಟೆಯಿಡುತ್ತದಂತೆ. ಮದ್ಯಕ್ಕೆ ಕಣಜ ತಡೆಯದು, ಮರಿ ತಡೆಯುತ್ತದೆ. ಭೂತಕನ್ನಡಿ ಹಿಡಿದು ಬಾಗಿ ಕೂತಿದ್ದೇನೆ. ಹೊರಗೆ ಇನ್ನೂ ಕಾದ ಬಂಡೆಯ ಶೆಕೆ. ಅತ್ಯಂತ ಹಳಸಿದ ಹಣ್ಣಿನ ಬಾಯಂಚಿನಲ್ಲಿ ಒಂದು ನೊಣ ಹಿಂಬದಿ ಬಗ್ಗಿಸುತ್ತಿದೆ.